ಅಂಗಡಿಯ ಗ್ಲುಟೆನ್ ಫ್ರೀ ಕುಕೀಸ್, ಕುರುಕಲು ತಿಂಡಿ: ಹಲವು ವರ್ಷ ಕೊಂಡು ತಿಂದ ಮೇಲೆ

ನಮ್ಮ ಮಗಳಿಗೆ ಸೀಲಿಯಾಕ್ ಕಾಯಿಲೆ ಇದೆ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಹೊಟ್ಟೆಗೆ ಹೋದರೆ ಅವಳ ದೇಹ ತನ್ನದೇ ಸಣ್ಣ ಕರುಳಿನ ಮೇಲೆ ತಿರುಗಿ ಬೀಳುತ್ತದೆ. ಇದಕ್ಕೆ ಜೀವನಪೂರ್ತಿ ಪಥ್ಯ ಮಾಡುವುದೇ ದಾರಿ. ಒಂದು ಚಿಟಿಕೆ ಮೈದಾ ಬಿದ್ದರೂ ನಡೆಯದ ಮನೆ ನಮ್ಮದು. ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮುಂದಿನದನ್ನು ಓದಿ.

ಊಟದ ಚಿಂತೆ ನಮಗೆ ಅಷ್ಟಿಲ್ಲ. ಅನ್ನ, ಮುದ್ದೆ, ಇಡ್ಲಿ, ದೋಸೆ, ಜೋಳದ ರೊಟ್ಟಿ ಇವೆಲ್ಲ ನಡೆಯುತ್ತವೆ. ಕಷ್ಟ ಶುರುವಾಗುವುದು ಸ್ಕೂಲಿನ ಸ್ನ್ಯಾಕ್ಸ್ ಡಬ್ಬಿ ತುಂಬುವಾಗ. ಎಲ್ಲ ಮಕ್ಕಳೂ ಬಿಸ್ಕತ್ತು ತರುತ್ತಾರೆ. ಅವಳಿಗೂ ಬಿಸ್ಕತ್ತೇ ಬೇಕು. ಬೇಡ ಅನ್ನುವುದು ಹೇಗೆ?

ಮೊದಲು ಕುಕೀಸ್ ವಿಷಯ. ಅಂಗಡಿಯ ಗ್ಲುಟೆನ್ ಫ್ರೀ ಕುಕೀಸ್‌ನಲ್ಲಿ ಎರಡು ಬಗೆ. ಒಂದು ಬಗೆಯಲ್ಲಿ ಅಕ್ಕಿ ಹಿಟ್ಟು, ಮೆಕ್ಕೆಜೋಳದ ಪಿಷ್ಟ, ಮರಗೆಣಸಿನ ಪಿಷ್ಟವೇ ಜಾಸ್ತಿ. ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಇಲ್ಲದ ಕಾರಣ ಜಾಂಥನ್ ಗಮ್ ಅಥವಾ ಗೌರ್ ಗಮ್ ಹಾಕುತ್ತಾರೆ. ರುಚಿಗೆ ಸಕ್ಕರೆ, ಎಣ್ಣೆ ಧಾರಾಳ. ಇವು ಬಾಯಿಗಿಟ್ಟರೆ ಮರಳು ಅಗಿದ ಹಾಗಿರುತ್ತವೆ. ಡಬ್ಬಿಯಲ್ಲಿ ಹಾಕಿ ಕಳಿಸಿದರೆ ಮಧ್ಯಾಹ್ನದ ಹೊತ್ತಿಗೆ ಅರ್ಧ ಪುಡಿ. ನಾರಿನ ಅಂಶವೂ ತೀರಾ ಕಡಿಮೆ. ಸೀಲಿಯಾಕ್ ಇರುವ ಎಷ್ಟೋ ಮಕ್ಕಳಿಗೆ ರಕ್ತಹೀನತೆ ಇರುತ್ತದೆ. ಅಂಥ ಮಗುವಿಗೆ ಬರೀ ಪಿಷ್ಟ, ಸಕ್ಕರೆ ತಿನ್ನಿಸಲು ನನಗೆ ಮನಸ್ಸು ಬರುವುದಿಲ್ಲ.

ಇನ್ನೊಂದು ಬಗೆ ರಾಗಿ, ಜೋಳ, ಸಜ್ಜೆ, ಬಾದಾಮಿ ಹಿಟ್ಟಿನದು. ನಮ್ಮ ಮನೆಯಲ್ಲಿ ಉಳಿದುಕೊಂಡಿದ್ದು ಇವೇ. ರಾಗಿ, ಬೆಲ್ಲ, ತುಪ್ಪದ ಕುಕೀಸ್ ಗಟ್ಟಿಯಾಗಿ ನಿಲ್ಲುತ್ತವೆ, ಪರಿಮಳವೂ ಚೆನ್ನಾಗಿರುತ್ತದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಅದೂ ಒಂದು ಲಾಭ. ಜೋಳದವು ಸ್ವಲ್ಪ ಒಣ ಒಣ, ಹಾಲಿನ ಜೊತೆ ತಿಂದರೆ ಸರಿಹೋಗುತ್ತದೆ.

ಆದರೆ ಇಲ್ಲೇ ದೊಡ್ಡ ಎಚ್ಚರಿಕೆ ಹೇಳಬೇಕು. ರಾಗಿ ಬಿಸ್ಕತ್ತು ಅಂದ ಮಾತ್ರಕ್ಕೆ ಗ್ಲುಟೆನ್ ಇಲ್ಲ ಅಂತಲ್ಲ. ಬೇಕರಿಯ ರಾಗಿ ಬಿಸ್ಕತ್ತು, ಸಿರಿಧಾನ್ಯದ ಕುಕೀಸ್ ಬಹುಪಾಲು ಗೋಧಿ ಹಿಟ್ಟು ಅಥವಾ ಮೈದಾ ಸೇರಿಸಿಯೇ ಮಾಡಿದವು. ಪೊಟ್ಟಣ ತಿರುಗಿಸಿ ಸಾಮಗ್ರಿಗಳ ಪಟ್ಟಿ ನೋಡಿ. ಯಾವುದರ ತೂಕ ಜಾಸ್ತಿಯೋ ಅದನ್ನು ಮೊದಲು ಬರೆಯಬೇಕು ಅನ್ನುವುದು ನಿಯಮ. ಎಷ್ಟೋ ಪೊಟ್ಟಣಗಳಲ್ಲಿ ಮುಂದೆ ರಾಗಿ ತೆನೆಯ ಚಿತ್ರ, ಹಿಂದೆ ಮೊದಲ ಹೆಸರು ಗೋಧಿಯದು. ‘ಮೈದಾ ಇಲ್ಲ’ ಅಂತ ದಪ್ಪಕ್ಷರದಲ್ಲಿ ಬರೆದಿದ್ದರೆ ಒಳಗೆ ಇಡೀ ಗೋಧಿ ಹಿಟ್ಟು ಇರಬಹುದು. ಕಾರ್ನ್‌ಫ್ಲೇಕ್ಸ್ ಮೆಕ್ಕೆಜೋಳದ್ದೇ ಆದರೂ ಅದರಲ್ಲಿ ಹೆಚ್ಚಾಗಿ ಬಾರ್ಲಿಯ ಮಾಲ್ಟ್ ಸೇರಿರುತ್ತದೆ. ಓಟ್ಸ್ ಕುಕೀಸ್ ಕೂಡ ಹಾಗೇ. ಗೋಧಿಯ ಜೊತೆ ಬೆರೆಯದ ಹಾಗೆ ಬೇರೆಯಾಗಿ ಬೆಳೆದು ಸಂಸ್ಕರಿಸಿದ ಓಟ್ಸ್ ಅಲ್ಲದಿದ್ದರೆ ನಾವು ಮುಟ್ಟುವುದಿಲ್ಲ.

ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನಿಯಮದ ಪ್ರಕಾರ ಗ್ಲುಟೆನ್ ಫ್ರೀ ಎಂದು ಬರೆಯಬೇಕಾದರೆ ಒಂದು ಕೆಜಿಯಲ್ಲಿ 20 ಮಿಲಿಗ್ರಾಂಗಿಂತ ಜಾಸ್ತಿ ಗ್ಲುಟೆನ್ ಇರಕೂಡದು. ಆ ಎರಡು ಪದ ಪೊಟ್ಟಣದ ಮೇಲೆ ಇದ್ದರೆ ಮಾತ್ರ ನಾನು ಕೊಳ್ಳುತ್ತೇನೆ. ನಮ್ಮ ದೇಶದ್ದೇ ಆದ ವೀಫ್ರೀ ಕುಕೀಸ್ ಮಗಳಿಗೆ ಇಷ್ಟ. ಇಟಲಿಯ ಶೇರ್ ಕಂಪನಿಯ ಬಿಸ್ಕತ್ತು ಮೈದಾ ಬಿಸ್ಕತ್ತಿಗೆ ತುಂಬಾ ಹತ್ತಿರ. ಅದರ ಮೇಲೆ ಅಡ್ಡಗೆರೆ ಎಳೆದ ಗೋಧಿ ತೆನೆಯ ಗುರುತು ಇರುತ್ತದೆ. ಹೊರದೇಶದ ಮಾಲು, ಬೆಲೆ ಜಾಸ್ತಿ. ಹುಟ್ಟುಹಬ್ಬಕ್ಕೆ ತರುತ್ತೇವೆ, ದಿನಾ ಅಲ್ಲ. ಇಲ್ಲಿಯ ಗ್ಲುಟೆನ್ ಫ್ರೀ ಕುಕೀಸ್ ಕೂಡ ಮಾಮೂಲಿ ಬಿಸ್ಕತ್ತಿನ ಮೂರು ನಾಲ್ಕು ಪಟ್ಟು ಬೆಲೆ. ಎರಡು ಮಕ್ಕಳಿರುವ ಸಂಬಳದ ಮನೆಗೆ ಇದು ಸಣ್ಣ ಹೊರೆಯಲ್ಲ.

ಈಗ ಖಾರದ ತಿಂಡಿಗೆ ಬರುತ್ತೇನೆ. ನನಗೆ ಜಾಸ್ತಿ ಬೇಸರ ಇರುವುದು ಇಲ್ಲೇ. ನಮ್ಮ ಕಾಂಡಿಮೆಂಟ್ಸ್ ಅಂಗಡಿಗಳಲ್ಲಿ ಅಕ್ಕಿ, ಕಡಲೆ, ಉದ್ದಿನ ತಿಂಡಿಗಳಿಗೆ ಏನು ಕಡಿಮೆ? ಚಕ್ಕುಲಿ, ತೇಂಗೊಳಲು, ಓಂಪುಡಿ, ಖಾರಾ ಬೂಂದಿ. ಇವುಗಳಿಗೆ ಗೋಧಿ ಬೇಕೇ ಇಲ್ಲ. ಆದರೂ ಅವಳಿಗೆ ಕೊಡಲು ಧೈರ್ಯ ಬರುವುದಿಲ್ಲ.

ಮೊದಲ ಕಾರಣ ಇಂಗು. ಅಂಗಡಿಯಲ್ಲಿ ಸಿಗುವ ಪುಡಿ ಇಂಗು ಬರೀ ಇಂಗಲ್ಲ. ಅದಕ್ಕೆ ಗೋಂದು, ಜೊತೆಗೆ ಮೈದಾ ಅಥವಾ ಅಕ್ಕಿ ಹಿಟ್ಟು ಬೆರೆಸಿರುತ್ತಾರೆ. ಚಕ್ಕುಲಿಗೂ ಇಂಗು, ಕಾಂಗ್ರೆಸ್ ಕಡಲೆಬೀಜಕ್ಕೂ ಇಂಗು. ಯಾವ ಇಂಗು ಅಂತ ಕೇಳಿದರೆ ಅಂಗಡಿಯವರು ನನ್ನ ಮುಖ ನೋಡುತ್ತಾರೆ. ಎರಡನೆಯದು ಎಣ್ಣೆ. ನಿಪ್ಪಟ್ಟು, ಕೋಡುಬಳೆಗೆ ಮೈದಾ, ಚಿರೋಟಿ ರವೆ ಹಾಕುವವರು ತುಂಬಾ ಜನ. ಅದೇ ಬಾಣಲೆಯಲ್ಲಿ ಚಕ್ಕುಲಿಯೂ ಬೇಯುತ್ತದೆ. ಮೂರನೆಯದು ಗಿರಣಿ. ಗೋಧಿ ಬೀಸಿದ ಮೇಲೆ ಅದೇ ಕಲ್ಲಿನಲ್ಲಿ ಅಕ್ಕಿ ಬೀಸಿದರೆ ಆ ಅಕ್ಕಿ ಹಿಟ್ಟನ್ನು ನಂಬುವುದು ಹೇಗೆ?

ಒಂದು ಅಂಗಡಿಯಲ್ಲಿ ‘ಗೋಧಿ ಇಲ್ಲ ಮೇಡಂ, ಆರಾಮಾಗಿ ತಗೊಳ್ಳಿ’ ಅಂತ ಕೊಟ್ಟ ಕೋಡುಬಳೆ ತಿಂದು ಮಗಳು ರಾತ್ರಿಯೆಲ್ಲ ಹೊಟ್ಟೆ ಹಿಡಿದುಕೊಂಡು ನರಳಿದಳು. ಆಮೇಲೆ ಹೋಗಿ ಕೇಳಿದರೆ ‘ಬರೀ ರವೆ ಹಾಕಿದ್ದು’ ಅಂದರು. ರವೆಯೂ ಗೋಧಿಯೇ. ಅವರು ಸುಳ್ಳು ಹೇಳಿದ್ದಲ್ಲ, ಅವರಿಗೆ ಅದು ಹೊಳೆದಿರಲಿಲ್ಲ. ಹೊಟ್ಟೆನೋವು ಮಾತ್ರ ಮಗುವಿನದು.

ಅವರಿಗೆ ಗೊತ್ತಿಲ್ಲದ್ದಕ್ಕೂ ಕಾರಣ ಇದೆ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸೀಲಿಯಾಕ್‌ನ ಸುಳಿವು ಕೊಡುವ ಪ್ರತಿಕಾಯಗಳು ರಕ್ತದಲ್ಲಿ ಇರುವವರ ಪ್ರಮಾಣ ಉತ್ತರ ಭಾರತದಲ್ಲಿ ಶೇ. 1.23, ದಕ್ಷಿಣದಲ್ಲಿ ಶೇ. 0.10 ಕಂಡುಬಂತು. ನಮ್ಮ ಕಡೆ ಇಂಥವರು ಕಡಿಮೆ, ಹಾಗಾಗಿ ಅಂಗಡಿಯವರ ಕಿವಿಗೆ ಈ ಹೆಸರು ಬಿದ್ದಿರುವುದೂ ಕಡಿಮೆ. ಆದರೆ ಕಡಿಮೆ ಇರುವವರಿಗೂ ಹೊಟ್ಟೆ ಇದೆಯಲ್ವಾ? ಪೊಟ್ಟಣದ ಮೇಲೆ ಯಾವ ಇಂಗು, ಯಾವ ಹಿಟ್ಟು ಅಂತ ಒಂದು ಸಾಲು ಬರೆದರೆ ಸಾಕು, ಎಷ್ಟೋ ಮನೆಗಳಿಗೆ ಅನುಕೂಲ.

ಸದ್ಯಕ್ಕೆ ನಾನು ಹೆಚ್ಚು ಯೋಚಿಸದೆ ತರುವುದು ಕಡಲೆಬೀಜದ ಚಿಕ್ಕಿ, ಎಳ್ಳುಂಡೆ, ಬರೀ ಉಪ್ಪು ಹಾಕಿದ ಆಲೂ ಚಿಪ್ಸ್. ಅದೂ ಪೊಟ್ಟಣದಲ್ಲಿ ಬಂದದ್ದು, ಪಟ್ಟಿ ಓದಿಯೇ. ಬಿಡಿಯಾಗಿ ತೂಗಿ ಕೊಡುವುದನ್ನು ತರುವುದಿಲ್ಲ. ಒಂದೇ ಸೌಟು ಎಲ್ಲ ಡಬ್ಬಕ್ಕೂ ಹೋಗುತ್ತದೆ. ಸಂಕ್ರಾಂತಿಯ ಎಳ್ಳುಬೆಲ್ಲ ಮನೆಯಲ್ಲೇ ಜಾಸ್ತಿ ಮಾಡಿ ಇಟ್ಟುಕೊಳ್ಳುತ್ತೇವೆ.

ಖಾರಕ್ಕೆ ಈಗ ಒಂದು ದಾರಿ ಸಿಕ್ಕಿದೆ. ನಮ್ಮ ಬೀದಿಯ ಕಾಂಡಿಮೆಂಟ್ಸ್ ಅಂಗಡಿಯ ಯಜಮಾನರ ಹತ್ತಿರ ಕೂತು ಎಲ್ಲ ಬಿಡಿಸಿ ಹೇಳಿದೆ. ‘ಒಂದು ದಿನ ಮೊದಲೇ ಹೇಳಿ ಅಮ್ಮ. ಬೆಳಿಗ್ಗೆ ಬಾಣಲೆ ತೊಳೆದು ಹೊಸ ಎಣ್ಣೆ ಇಡ್ತೀವಲ್ಲ, ಮೊದಲು ಪಾಪುಗೆ ಚಕ್ಕುಲಿ ಕರಿದು ಕೊಡ್ತೀನಿ’ ಅಂದರು. ಅಕ್ಕಿ ಹಿಟ್ಟು, ಉದ್ದಿನ ಹಿಟ್ಟು, ಅಕ್ಕಿ ಹಿಟ್ಟು ಬೆರೆಸಿದ ಇಂಗು, ಚಕ್ಕುಲಿ ಒರಳು ಎಲ್ಲ ನಾವೇ ಕೊಡುತ್ತೇವೆ. ಕರಿದ ಕೂಲಿ ಮಾತ್ರ ತೆಗೆದುಕೊಳ್ಳುತ್ತಾರೆ. ನಿಮ್ಮ ಮನೆಯಲ್ಲೂ ಇಂಥ ಪಥ್ಯ ಇದ್ದರೆ ಪರಿಚಯದ ಅಂಗಡಿಯಲ್ಲಿ ಒಮ್ಮೆ ಕೇಳಿ ನೋಡಿ. ಹಬ್ಬದ ವಾರ ಮಾತ್ರ ಬೇಡ, ಆಗ ಅವರಿಗೆ ಉಸಿರಾಡಲೂ ಪುರುಸೊತ್ತು ಇರುವುದಿಲ್ಲ.