ಎದ್ದ ಫ್ರೆಟ್‌ಗೆ ಅಂಟೋ, ಅರವೋ, ಗಾಜಿನ ಪಟ್ಟಿಯೋ?

ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ಮಳೆ ಹಿಡಿದ ಮೇಲೆ ಎಲೆಕ್ಟ್ರಿಕ್ ಗಿಟಾರಿನ ತಂತಿ ಗಿರ್ರೆನ್ನಲು ಶುರುವಾದರೆ ಹೆಚ್ಚಿನವರು ಮೊದಲು ಕೈ ಹಾಕುವುದು ಬ್ರಿಡ್ಜ್ (ಗಿಟಾರಿನ ಒಡಲ ಮೇಲೆ ತಂತಿ ಕೂರುವ ಭಾಗ) ಸ್ಕ್ರೂಗೆ. ತಂತಿ ಎತ್ತರಿಸಿದರೆ ಸದ್ದು ಅಡಗುತ್ತದೆ, ಆದರೆ ತಂತಿಗೆ ತಾಗುವ ಎದ್ದ ಫ್ರೆಟ್ (ಗಿಟಾರಿನ ಉದ್ದ ಕೈಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿ) ಎದ್ದೇ ಇರುತ್ತದೆ. ಹಾಗಾಗಿ ಅದನ್ನು ಈ ಹೋಲಿಕೆಗೆ ಸೇರಿಸಿಲ್ಲ. ಇಲ್ಲಿ ಹೋಲಿಸಿರುವುದು ಮೂರು ದಾರಿ: ಫ್ರೆಟ್ ತಟ್ಟಿ ಕೂರಿಸಿ ಅಂಟು ಬಿಡುವುದು, ಆ ಒಂದನ್ನೇ ಅರದಿಂದ ಉಜ್ಜುವುದು, ಎಲ್ಲವನ್ನೂ ಒಟ್ಟಿಗೆ ಸಮ ಮಾಡುವುದು.

ಮೂರರಲ್ಲಿ ಯಾವುದಕ್ಕೂ ಮೊದಲು ನೆಕ್, ಅಂದರೆ ಆ ಉದ್ದ ಕೈ, ಎಷ್ಟು ಬಾಗಿದೆ ನೋಡಬೇಕು. ಮೊದಲ ಫ್ರೆಟ್‌ಗೆ ಕ್ಯಾಪೊ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ಕೊನೆಯ ಫ್ರೆಟ್‌ನಲ್ಲಿ ದಪ್ಪ ತಂತಿ ಒತ್ತಿ, ಏಳು-ಎಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವಿನ ಸಂದು ಅಳೆಯಿರಿ. 0.25 ಮಿ.ಮೀ. ಆಸುಪಾಸಿದ್ದರೆ ಸರಿ. ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್ ಸೆಟ್ ಮಾಡುವ ಫೀಲರ್ ಗೇಜ್ ಇದಕ್ಕೆ ಸಾಕು; ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸಿಗುತ್ತದೆ. ಸಂದು ಕಡಿಮೆಯಿದ್ದು ಮೊದಲ ಐದು ಫ್ರೆಟ್‌ಗಳೆಲ್ಲ ಗಿರಗುಟ್ಟಿದರೆ ತಪ್ಪು ಫ್ರೆಟ್‌ನದಲ್ಲ, ಟ್ರಸ್ ರಾಡ್ (ನೆಕ್ ಒಳಗಿದ್ದು ಅದರ ಬಾಗು ಹೊಂದಿಸುವ ಸರಳು) ಸಡಿಲಿಸಬೇಕು. ಒಮ್ಮೆಗೆ ಕಾಲು ಸುತ್ತು ಮಾತ್ರ. ಮತ್ತೆ ಶ್ರುತಿ ಮಾಡಿ, ಮತ್ತೆ ಅಳೆಯಿರಿ. 1/8 ಇಂಚಿನ ಕೀ ಬೇಕಾದ ರಾಡ್‌ಗೆ 3 ಮಿ.ಮೀ. ಅಲೆನ್ ಕೀ ಹಾಕಬೇಡಿ. ಹತ್ತಿರ ಹತ್ತಿರ ಕೂತಂತೆ ಕಂಡರೂ ಜಾರಿ ಮೂಲೆಗಳನ್ನು ಸವೆಸುತ್ತದೆ. ಖಾಲಿ ತಂತಿ ಮಾತ್ರ ಸದ್ದು ಮಾಡಿದರೆ ನಟ್‌ನ (ನೆಕ್ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಕಚ್ಚು ಆಳವಾಗಿದೆ ಎಂದರ್ಥ.

ಇನ್ನು ಎದ್ದ ಫ್ರೆಟ್ ಹುಡುಕುವುದು. ಆರನೇ ಫ್ರೆಟ್‌ನಲ್ಲಿ ಒತ್ತಿದಾಗ ಗಿರ್ರೆಂದು, ಏಳರಲ್ಲಿ ಒತ್ತಿದಾಗ ಸ್ವಚ್ಛವಾಗಿ ನುಡಿದರೆ ಅನುಮಾನ ಏಳರ ಮೇಲೆ. ಖಚಿತಪಡಿಸಲು ಫ್ರೆಟ್ ರಾಕರ್ ಇದೆ. ನೇರ ಅಂಚಿನ ಈ ಉಕ್ಕಿನ ತುಂಡನ್ನು ಮೂರು ಫ್ರೆಟ್ ಮೇಲೆ ಇಟ್ಟಾಗ ತೂಗಾಡಿದರೆ ನಡುವಿನದು ಎತ್ತರ. ಹಳೆಯ ಎಟಿಎಂ ಕಾರ್ಡ್‌ನಿಂದಲೂ ಆಗುತ್ತದೆ ಅನ್ನುವವರಿದ್ದಾರೆ. ಅದರ ಉದ್ದದ ಅಂಚು 85.6 ಮಿ.ಮೀ., ನಟ್ ಕಡೆಯ ಮೂರೇ ಫ್ರೆಟ್ ಮುಟ್ಟುವಂತೆ ಇಡಬಹುದು. ಆದರೆ ಹನ್ನೆರಡನೇ ಫ್ರೆಟ್ ದಾಟಿದರೆ ಅಗಲದ ಅಂಚೂ ನಾಲ್ಕನೆಯದನ್ನು ಮುಟ್ಟುತ್ತದೆ. ಪ್ಲಾಸ್ಟಿಕ್ ಬಾಗುವುದರಿಂದ ಸಣ್ಣ ಉಬ್ಬು ಕಣ್ತಪ್ಪುತ್ತದೆ. ಫ್ರೆಟ್ ರಾಕರ್ ಒಂದಕ್ಕೆ ದುಡ್ಡು ಹಾಕುವುದು ಸಾರ್ಥಕ.

ಎತ್ತರದ ಫ್ರೆಟ್ ಸಿಕ್ಕಿತು. ಅದು ಸಡಿಲವೋ, ನಿಜಕ್ಕೂ ಎತ್ತರವೋ? ಮೂರು ದಾರಿಗಳಲ್ಲಿ ಯಾವುದು ಎಂಬುದನ್ನು ಈ ಪ್ರಶ್ನೆಯೇ ತೀರ್ಮಾನಿಸುತ್ತದೆ. ಫ್ರೆಟ್‌ನ ತುದಿಯನ್ನು ಮರದ ಕಡ್ಡಿಯಿಂದ ಒತ್ತಿ ನೋಡಿ. ಕೆಳಗಿನ ಸಂದು ಮುಚ್ಚಿ, ಬಿಟ್ಟೊಡನೆ ತೆರೆದುಕೊಂಡರೆ ಸಡಿಲ. ಮಲೆನಾಡಿನಲ್ಲಿ ಇದು ಸಾಮಾನ್ಯ: ಮಳೆಗಾಲದಲ್ಲಿ ಮರ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ, ಫ್ರೆಟ್‌ನ ಕಾಲನ್ನು ಹಿಡಿದ ಸೀಳಿನ ಪಟ್ಟು ಕಡಿಮೆಯಾಗುತ್ತದೆ.

ಸಡಿಲ ಫ್ರೆಟ್‌ಗೆ ಅಂಟೇ ಸರಿ. ತಂತಿ ಬಿಚ್ಚಿ, ಫ್ರೆಟ್‌ನ ಎರಡೂ ಬದಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ನೆಕ್ ಅಡಿಗೆ ಮರಳಿನ ಚೀಲ ಕೊಡಿ. ಹಿತ್ತಾಳೆ ಅಥವಾ ಪ್ಲಾಸ್ಟಿಕ್ ಮುಖದ ಸುತ್ತಿಗೆಯಿಂದ ಮೊದಲು ತುದಿಗಳನ್ನು, ಆಮೇಲೆ ನಡುವನ್ನು ಮೆಲ್ಲಗೆ ತಟ್ಟಿ. ಉಕ್ಕಿನ ಸುತ್ತಿಗೆ ಫ್ರೆಟ್ ಮೇಲೆ ಕುಳಿ ಬೀಳಿಸುತ್ತದೆ. ಸೂಜಿ ಮೊನೆಯಲ್ಲಿ ತೆಳುವಾದ ಫೆವಿಕ್ವಿಕ್ ತೆಗೆದು ಸಂದಿಗೆ ತಾಗಿಸಿದರೆ ಅದು ತಾನೇ ಒಳಗೆ ಹರಿಯುತ್ತದೆ. ಅಂಟು ಹಿಡಿಯುವವರೆಗೆ ಕ್ಲ್ಯಾಂಪ್‌ನಿಂದ ಒತ್ತಿ ಹಿಡಿಯಿರಿ. ಈ ಅಂಟು ಗಟ್ಟಿಯಾಗುವುದೇ ತೇವದಿಂದ, ಹಾಗಾಗಿ ಜುಲೈನಲ್ಲಿ ಬೇಗ ಕಚ್ಚುತ್ತದೆ, ಸುತ್ತ ಬಿಳಿ ಮಸುಕೂ ಹೆಚ್ಚು ಕೂರುತ್ತದೆ. ಮಸುಕು ಒರೆಸಲು ಅಸಿಟೋನ್ ಬಳಸುವ ಮುನ್ನ ಯೋಚಿಸಿ. ಮೇಪಲ್ ಬೋರ್ಡಿನ (ಫ್ರೆಟ್ ಕೂರಿಸಿದ ಮರದ ಹಲಗೆ) ಲ್ಯಾಕರ್ ಮತ್ತು ಪ್ಲಾಸ್ಟಿಕ್ ಚುಕ್ಕೆಗಳನ್ನೂ ಅದು ಕರಗಿಸಬಹುದು.

ಇದೇ ಸಡಿಲ ಫ್ರೆಟ್‌ಗೆ ಅರ ಹಾಕಿದರೆ ಕೆಲಸ ಕೆಡುತ್ತದೆ. ಅರದ ಭಾರಕ್ಕೆ ಫ್ರೆಟ್ ಕೆಳಗೆ ಹೋಗುತ್ತದೆ, ಅರ ತೆಗೆದರೆ ಮೇಲೆ ಬರುತ್ತದೆ. ಲೋಹ ಹೋದದ್ದಷ್ಟೇ ಲಾಭ! ಗಟ್ಟಿಯಾಗಿ ಕೂತೂ ಎತ್ತರವಿದ್ದರೆ ಮಾತ್ರ ಅರ ಸಲ್ಲುತ್ತದೆ. ಮಾರ್ಕರ್‌ನಿಂದ ಮಸಿ ಹಚ್ಚಿ, ರಾಕರ್ ತೂಗುವುದು ನಿಲ್ಲುವವರೆಗೆ ಉಜ್ಜಿ, ಆಮೇಲೆ ಅಂಚು ಉಜ್ಜಿ ನುಣುಪು ಮಾಡಿದ ತ್ರಿಕೋನ ಅರದಿಂದ ತಲೆಯನ್ನು ಮತ್ತೆ ದುಂಡಗೆ ಮಾಡಿ. ಚಪ್ಪಟೆ ಬಿಟ್ಟರೆ ತಂತಿ ಫ್ರೆಟ್‌ನ ನಡುವಿನ ಬದಲು ಮುಂದಿನ ಅಂಚಿನಲ್ಲಿ ನಿಲ್ಲುತ್ತದೆ: ಶ್ರುತಿ ಸರಿಯುತ್ತದೆ, ಸಿತಾರಿನಂಥ ಜೀರು ಬರುತ್ತದೆ. ಕೊನೆಗೆ 400, 800, 1200, 2000 ನಂಬರಿನ ವಾಟರ್ ಪೇಪರ್, ಆಮೇಲೆ ಬ್ರಾಸೋ. ಉಕ್ಕಿನ ಉಣ್ಣೆ ಬಳಸುವುದಾದರೆ ಪಿಕಪ್‌ಗೆ (ತಂತಿಯ ಕಂಪನ ಹಿಡಿಯುವ ಭಾಗ) ಟೇಪ್ ಮುಚ್ಚಿ. ಅದರೊಳಗಿನ ಅಯಸ್ಕಾಂತ ಉಣ್ಣೆಯ ಎಳೆಗಳನ್ನು ಎಳೆದುಕೊಂಡರೆ ಬಿಡಿಸುವುದು ಕಷ್ಟ.

ಮೂರು-ನಾಲ್ಕು ಕಡೆ ತಂತಿ ತಿಂದ ಗುಳಿ ಬಿದ್ದಿದ್ದರೆ ಬಿಡಿಬಿಡಿಯಾಗಿ ಉಜ್ಜುವುದು ಬೇಡ, ಎಲ್ಲವನ್ನೂ ಒಟ್ಟಿಗೆ ಸಮ ಮಾಡಿ. ಕಿಟಕಿ ಮಾಡುವವರ ಅಲ್ಯೂಮಿನಿಯಂ ಪೈಪ್ ನೇರವಿರುತ್ತದೆಂಬ ಖಾತ್ರಿಯಿಲ್ಲ. ಗಾಜಿನ ಅಂಗಡಿಯಲ್ಲಿ 8 ಮಿ.ಮೀ. ದಪ್ಪದ, 40 ಸೆಂ.ಮೀ. ಉದ್ದದ ಪಟ್ಟಿ ಕತ್ತರಿಸಿ, ಅಂಚು ಉಜ್ಜಿಸಿಕೊಂಡು, ಅದಕ್ಕೆ 320ರ ಪೇಪರ್ ಅಂಟಿಸಿದರೆ ಒಳ್ಳೆಯದು. ಗಿಡ್ಡ ಅರ ಉಬ್ಬುತಗ್ಗಿನ ಜೊತೆಗೇ ಸಾಗುತ್ತದೆ, ಉದ್ದ ಪಟ್ಟಿ ಉಬ್ಬನ್ನು ಮಾತ್ರ ಕಡಿಯುತ್ತದೆ. ನೆಕ್ ಮೊದಲು ಟ್ರಸ್ ರಾಡ್‌ನಿಂದ ಪೂರ್ತಿ ನೇರ ಮಾಡಿ, ಎಲ್ಲ ಫ್ರೆಟ್‌ಗೂ ಮಸಿ ಹಚ್ಚಿ, ತಂತಿ ಹಾದುಹೋಗುವ ದಿಕ್ಕಿನಲ್ಲಿ ಉಜ್ಜಿ, ಅತಿ ತಗ್ಗಿನ ಫ್ರೆಟ್‌ನ ಮಸಿ ಅಳಿದೊಡನೆ ನಿಲ್ಲಿಸಿ. ಕೆಲಸದ ನಂತರ ಫ್ರೆಟ್‌ನ ಎತ್ತರ 0.6 ಮಿ.ಮೀ.ಗಿಂತ ಕೆಳಗಿಳಿಯುವಂತಿದ್ದರೆ ಪೇಪರ್ ಮುಟ್ಟದೆ ಹೊಸ ಫ್ರೆಟ್ ಹಾಕಿಸಿ.

ಈ ಮೂರನೇ ದಾರಿ ಮಳೆಗಾಲಕ್ಕಲ್ಲ. ಉಬ್ಬಿದ ನೆಕ್ ಮೇಲೆ ಸಮ ಮಾಡಿದ್ದು ಒಣಗಿದಾಗ ಸಮವಾಗಿ ಉಳಿಯುವುದಿಲ್ಲ. ಜುಲೈನಲ್ಲಿ ಕೊಪ್ಪದಲ್ಲಿ ಸರಿಹೋದ ಗಿಟಾರ್ ಮಾರ್ಚ್‌ನಲ್ಲಿ ಕಡೂರು, ಅರಸೀಕೆರೆಯ ಒಣ ಗಾಳಿಗೆ ಬಂದರೆ ಮತ್ತೆ ತಕರಾರು ತೆಗೆಯುತ್ತದೆ. ಅಂಟಿನ ಕೆಲಸ ಯಾವಾಗ ಬೇಕಾದರೂ ಮಾಡಿ, ಗಾಜಿನ ಪಟ್ಟಿಯನ್ನು ಡಿಸೆಂಬರ್ ನಂತರಕ್ಕೆ ಇಡಿ. ಆ ಹೊತ್ತಿಗೆ ಬೋರ್ಡ್ ಕುಗ್ಗಿ ಫ್ರೆಟ್ ತುದಿಗಳು ಅಂಗೈಗೆ ಚುಚ್ಚತೊಡಗಿದ್ದರೆ, ಅವನ್ನೂ ಅದೇ ಪಟ್ಟಿಯಿಂದ ನೆಕ್‌ನ ಬದಿಗೆ ಸಮಾನಾಂತರವಾಗಿ ಸವರಿ ಮುಗಿಸಬಹುದು. ನೆಕ್‌ನ ಬಣ್ಣಕ್ಕೆ ಮಾತ್ರ ಎರಡು ಪದರ ಟೇಪ್ ಇರಲಿ.