ಮಲೆನಾಡಿನ ನಾಯಿಗೆ ಉಣುಗಿನ ಮಾತ್ರೆ: ಕೆಲವು ಮಳೆಗಾಲ ಬಳಸಿದ ಮೇಲೆ

ನಮ್ಮ ಕೆಂಚ ಊರ ನಾಯಿ. ಗಿಡ್ಡ ಕೂದಲು, 18 ಕೆಜಿ ತೂಕ. ಸಾಗರದ ಕಡೆ ನಮ್ಮದು ಅಡಿಕೆ ತೋಟದ ಮನೆ. ಅವನು ಹಗಲೆಲ್ಲಾ ತೋಟ, ಸೊಪ್ಪಿನ ಬೆಟ್ಟ ಅಂತ ಸುತ್ತುತ್ತಾನೆ, ರಾತ್ರಿ ಜಗಲಿಯಲ್ಲೋ ಕೊಟ್ಟಿಗೆಯಲ್ಲೋ ಮಲಗುತ್ತಾನೆ. ಇಂಥ ನಾಯಿಗೆ ಉಣುಗು ಹತ್ತದೇ ಇರೋದಿಲ್ಲ. ಕೆಲವು ವರ್ಷಗಳಿಂದ ಅವನಿಗೆ ಬ್ರಾವೆಕ್ಟೊ ಮಾತ್ರೆ ಕೊಡುತ್ತಿದ್ದೇನೆ. ಅದಕ್ಕೂ ಮೊದಲು ಪುಡಿ, ಬೆಲ್ಟ್, ಬೆನ್ನಿಗೆ ಬಿಡುವ ಹನಿ ಎಲ್ಲಾ ಬಳಸಿ ನೋಡಿದ್ದೇವೆ. ಮಳೆಯಲ್ಲಿ ನೆನೆಯುವ, ಹೊಳೆಗೆ ಇಳಿಯುವ ನಾಯಿಗೆ ಮಾತ್ರೆಯೇ ಸರಿ ಅನ್ನೋದು ನನ್ನ ಅನುಭವ. ಎಲ್ಲರ ಮನೆ ನಾಯಿಗೂ ಇದೇ ಸರಿ ಅಂತ ಹೇಳಲಾರೆ. ಯಾಕೆ ಅಂತ ಮುಂದೆ ಬರೆದಿದ್ದೇನೆ.

ಮೊದಲು ಮಳೆ ವಿಷಯ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾಯಿಯ ಮೈ ಪೂರ್ತಿ ಒಣಗೋದೇ ಅಪರೂಪ. ಹನಿಮದ್ದು ಹಾಕುವ ಎರಡು ದಿನ ಮೊದಲು, ಹಾಕಿದ ಎರಡು ದಿನ ನಂತರ ಸ್ನಾನ ಬೇಡ ಅಂತಾರೆ. ಮದ್ದು ಚರ್ಮದ ಜಿಡ್ಡಿನ ಜೊತೆ ಸೇರಿ ಮೈಯೆಲ್ಲಾ ಹರಡಬೇಕು, ಅದಕ್ಕೆ. ಆಷಾಢದಲ್ಲಿ ನಾಲ್ಕು ದಿನ ಒಣಗಿರುವ ನಾಯಿಯನ್ನು ಎಲ್ಲಿಂದ ತರೋದು? ಪುಡಿಯದ್ದೂ ಅದೇ ಕಥೆ. ಬೆಳಿಗ್ಗೆ ಉಜ್ಜಿದರೆ ಮಧ್ಯಾಹ್ನದ ಹೊತ್ತಿಗೆ ತೊಳೆದುಹೋಗಿರುತ್ತದೆ. ಜೊತೆಗೆ ನಾಯಿ ಮೈ ನೆಕ್ಕಿಕೊಂಡರೆ ಆ ವಿಷ ಹೊಟ್ಟೆಗೆ ಹೋಗುತ್ತದೆ.

ಬೆಲ್ಟ್ ಒಣ ಊರಿನವರಿಗೆ ಒಳ್ಳೆಯದೇ. ಫ್ಲುಮೆಥ್ರಿನ್ ಅನ್ನೋ ಉಣುಗಿನ ಮದ್ದು ಇರುವ ಬೆಲ್ಟ್‌ಗಳು ತಿಂಗಳುಗಟ್ಟಲೆ ಕೆಲಸ ಮಾಡುತ್ತವೆ, ಒಟ್ಟು ಖರ್ಚೂ ಕಡಿಮೆ. ಆದರೆ ಅದು ಕುತ್ತಿಗೆಗೆ ತಾಗಿಕೊಂಡೇ ಇರಬೇಕು, ಎರಡು ಬೆರಳು ಹೋಗುವಷ್ಟೇ ಸಡಿಲ. ಪದೇ ಪದೇ ನೀರಿಗೆ ಬಿದ್ದರೆ ಅದರ ಆಯಸ್ಸು ಕಡಿಮೆಯಾಗುತ್ತದೆ.

ಕೆಂಚ ಬೆಲ್ಟ್ ಹಾಕಿಕೊಂಡಿದ್ದ ವರ್ಷವೇ ಟಿಕ್ ಫೀವರ್ ಬಂತು. ಮಜ್ಜಿಗೆ ಅನ್ನ ಇಟ್ಟರೆ ಮೂಸಿ ಬಿಟ್ಟುಹೋದ. ತುಟಿ ಎತ್ತಿ ನೋಡಿದರೆ ವಸಡು ಬಿಳಿಚಿಕೊಂಡಿತ್ತು. ಮಾರನೇ ದಿನ ಮೂಗಿನ ಒಂದು ಹೊಳ್ಳೆಯಿಂದ ರಕ್ತ. ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದೆವು. ಉಣುಗಿನಿಂದ ಹರಡುವ ಎರ್ಲಿಚಿಯಾ ಅನ್ನೋ ಬ್ಯಾಕ್ಟೀರಿಯಾ ಅಂತ ಗೊತ್ತಾಯಿತು, ಪ್ಲೇಟ್‌ಲೆಟ್ ಪೂರಾ ಇಳಿದಿತ್ತು. ನಾಲ್ಕು ವಾರ ಡಾಕ್ಸಿಸೈಕ್ಲಿನ್ ಕೊಟ್ಟು ಉಳಿಸಿಕೊಂಡೆವು. ಮಾತ್ರೆಗೆ ಬದಲಾಯಿಸಿದ್ದು ಆಮೇಲೆ.

ಹನಿಮದ್ದು ನಮ್ಮ ಮನೆಗೆ ಬೇಡ ಅನ್ನೋದಕ್ಕೆ ಇನ್ನೊಂದು ಕಾರಣ ಬೆಕ್ಕು. ನಾಯಿಗೆ ಅಂತ ಮಾರುವ ಕೆಲವು ಹನಿಮದ್ದುಗಳಲ್ಲಿ ಪರ್ಮೆಥ್ರಿನ್ ಅನ್ನೋ ಕೀಟನಾಶಕ ಇರುತ್ತದೆ. ನಾಯಿಗೆ ಅದು ಆಗುತ್ತದೆ, ಬೆಕ್ಕಿಗೆ ಪ್ರಾಣಕ್ಕೇ ಅಪಾಯ. ನಮ್ಮ ಬೆಕ್ಕು ಚಳಿಗೆ ಕೆಂಚನ ಹೊಟ್ಟೆಗೆ ಅಂಟಿಕೊಂಡೇ ಮಲಗುತ್ತದೆ. ಮನೆಯಲ್ಲಿ ಬೆಕ್ಕಿದ್ದರೆ ಕೊಳ್ಳುವ ಮುಂಚೆ ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಿ. ಇದೊಂದನ್ನು ದಯವಿಟ್ಟು ಮರೀಬೇಡಿ.

ಇನ್ನು ಮಾತ್ರೆ. ಬ್ರಾವೆಕ್ಟೊದಲ್ಲಿರುವುದು ಫ್ಲೂರಲ್ಯಾನರ್. ಒಂದು ಮಾತ್ರೆ ಸುಮಾರು ಹನ್ನೆರಡು ವಾರ ಬರುತ್ತದೆ. ಇದೇ ಜಾತಿಯ ನೆಕ್ಸ್‌ಗಾರ್ಡ್ ತಿಂಗಳಿಗೊಂದು, ಸಿಂಪಾರಿಕಾ 35 ದಿನಕ್ಕೊಂದು. ಔಷಧಿ ರಕ್ತದಲ್ಲಿ ಇರೋದರಿಂದ ಮಳೆ, ಸ್ನಾನ, ಹೊಳೆ ಯಾವುದೂ ಲೆಕ್ಕಕ್ಕಿಲ್ಲ. ಬ್ರಾವೆಕ್ಟೊ ಖಾಲಿ ಹೊಟ್ಟೆಗೆ ಕೊಡಬಾರದು, ಊಟದ ಜೊತೆ ಕೊಟ್ಟರೆ ಚೆನ್ನಾಗಿ ಮೈಗೆ ಹತ್ತುತ್ತದೆ. ಕೆಂಚನಿಗೆ ಅನ್ನದ ಮೇಲೆ ಇಟ್ಟರೆ ಮೊದಲು ಅದನ್ನೇ ಎತ್ತಿ ಅಗಿಯುತ್ತಾನೆ.

ತೂಕ ಸರಿಯಾಗಿ ಗೊತ್ತಿರಬೇಕು. ಬ್ರಾವೆಕ್ಟೊದಲ್ಲಿ 10ರಿಂದ 20 ಕೆಜಿಗೆ ಒಂದು ಮಾತ್ರೆ, 20ರಿಂದ 40ಕ್ಕೆ ಬೇರೆ. ಅಂದಾಜಿಗೆ ಕೊಳ್ಳಬೇಡಿ. ನಾವು ಅಡಿಕೆ ತೂಗುವ ತಕ್ಕಡಿಯ ಮೇಲೆ ನಾಯಿಯನ್ನು ಎತ್ತಿಕೊಂಡು ನಿಲ್ಲುತ್ತೇವೆ, ಆಮೇಲೆ ನಮ್ಮ ತೂಕ ಕಳೆಯುತ್ತೇವೆ. ದೊಡ್ಡ ಮಾತ್ರೆ ತಂದು ಮುರಿದು ಎರಡು ನಾಯಿಗೆ ಹಂಚುವವರಿದ್ದಾರೆ. ಎರಡು ತುಂಡಿನಲ್ಲೂ ಔಷಧಿ ಸಮವಾಗಿ ಇರುತ್ತದೆ ಅನ್ನೋ ಭರವಸೆ ಇಲ್ಲ. ಹಾಗೆ ಮಾಡಬೇಡಿ.

ಫಲಿತಾಂಶ ಹೇಗಿದೆ? ಚಿಗಟದ ಮಟ್ಟಿಗೆ ಪೂರ್ತಿ ನೆಮ್ಮದಿ. ಮೊದಲೆಲ್ಲಾ ಬಾಲದ ಬುಡ ಬಾಚಿದರೆ ಕಪ್ಪು ಪುಡಿ ಉದುರುತ್ತಿತ್ತು. ಅದನ್ನು ಒದ್ದೆ ಕಾಗದದ ಮೇಲೆ ಹಾಕಿದರೆ ಸುತ್ತ ಕೆಂಪು ಬಣ್ಣ ಬಿಡುತ್ತದೆ. ಅದು ಮಣ್ಣಲ್ಲ, ಚಿಗಟ ಹೀರಿ ಹಾಕಿದ ರಕ್ತ. ಈಗ ಬಾಚಿದರೆ ಏನೂ ಬೀಳುವುದಿಲ್ಲ. ಚಿಗಟದ ಕೋಶಗಳು ಗೋಣಿಚೀಲದಲ್ಲಿ, ನೆಲದ ಸಂದಿಯಲ್ಲಿ ತಿಂಗಳುಗಟ್ಟಲೆ ಉಳಿಯುತ್ತವೆ. ಹಾಗಾಗಿ ಮಾತ್ರೆ ಶುರು ಮಾಡಿದ ಮೇಲೂ ಕೆಲವು ವಾರ ಹೊಸ ಚಿಗಟ ಕಾಣಬಹುದು. ಮದ್ದು ಕೆಲಸ ಮಾಡಲಿಲ್ಲ ಅಂತ ಅಲ್ಲಿಗೇ ಬಿಡಬೇಡಿ. ಹಾಸಿಗೆ ಬಿಸಿನೀರಲ್ಲಿ ಒಗೆದು ಬಿಸಿಲಿಗೆ ಹಾಕಿ. ಚಿಗಟ ನುಂಗಿದ ನಾಯಿಗೆ ಲಾಡಿಹುಳು ಆಗಬಹುದು. ಅದಕ್ಕೆ ಹುಳದ ಔಷಧಿ ಬೇರೆಯೇ ಕೊಡಬೇಕು, ಈ ಮಾತ್ರೆಯಿಂದ ಹೋಗೋದಿಲ್ಲ.

ಉಣುಗಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಮಾತ್ರೆ ಉಣುಗನ್ನು ಓಡಿಸುವುದಿಲ್ಲ. ಉಣುಗು ಹತ್ತಬೇಕು, ಕಚ್ಚಬೇಕು, ರಕ್ತ ಹೀರಬೇಕು, ಆಮೇಲೆ ಸಾಯುತ್ತದೆ. ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಮಾತ್ರೆ ಕೊಟ್ಟ ಮೇಲೂ ಕಿವಿಯಲ್ಲಿ ಉಣುಗು ಕಂಡರೆ ಜನ ಗಾಬರಿಯಾಗುತ್ತಾರೆ. ಕೆಂಚನ ಮೈಮೇಲೆ ಈಗಲೂ ಸಿಗುತ್ತವೆ, ಆದರೆ ಚಪ್ಪಟೆಯಾಗಿ ಒಣಗಿದವು, ಉಗುರು ತಾಗಿಸಿದರೆ ಉದುರುವಂಥವು. ಹರಳು ಬೀಜದ ಹಾಗೆ ಉಬ್ಬಿದ ಬೂದು ಉಣುಗು ನೋಡಿ ಬಹಳ ಕಾಲವಾಯಿತು. ಹೊಟ್ಟೆ ತುಂಬಿದ ಒಂದು ಹೆಣ್ಣು ಕಳಚಿಬಿದ್ದರೆ ಗೋಡೆ ಬಿರುಕಿನಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಅದು ನಿಂತದ್ದೇ ನನಗೆ ದೊಡ್ಡ ಲಾಭ. ಜಗಲಿಯ ಮಣ್ಣು ಗೋಡೆಯ ಬಿರುಕುಗಳನ್ನೂ ಮುಚ್ಚಿಸಿದೆವು. ಈಗ ಬಾಗಿಲ ಚೌಕಟ್ಟಿನ ಸಂದಿಯಲ್ಲಿ ಮರಿ ಉಣುಗು ಹತ್ತುವುದು ಕಾಣುವುದಿಲ್ಲ.

ಆದರೆ ಕಚ್ಚಿದ ಮೇಲೆ ಸಾಯುತ್ತದೆ ಅಂದರೆ ರೋಗ ದಾಟೋದಕ್ಕೆ ಸ್ವಲ್ಪ ಹೊತ್ತು ಸಿಗುತ್ತದೆ ಅಂತಲೇ ಅರ್ಥ. ಎರ್ಲಿಚಿಯಾ ಕೆಲವೇ ಗಂಟೆಗಳಲ್ಲಿ ದಾಟಬಲ್ಲದು. ಹಾಗಾಗಿ ನಾನು ಸಂಜೆ ಮೈ ತಡವಿ ನೋಡುವುದನ್ನು ಬಿಟ್ಟಿಲ್ಲ. ಕಿವಿ ಒಳಗೆ, ಕಾಲ್ಬೆರಳ ಸಂದಿ, ಕಂಕುಳು, ಬಾಲದ ಕೆಳಗೆ, ರೆಪ್ಪೆ ಅಂಚು. ಸಿಕ್ಕರೆ ಚಿಮುಟದಲ್ಲಿ ಚರ್ಮಕ್ಕೆ ತಾಗುವಂತೆ ಹಿಡಿದು ನೆಟ್ಟಗೆ ಎಳೆಯುತ್ತೇನೆ, ಸೋಪಿನ ನೀರಿಗೆ ಹಾಕುತ್ತೇನೆ. ಬೆರಳಲ್ಲಿ ಹಿಸುಕುವುದು ಬೇಡ. ಸೀಮೆಎಣ್ಣೆ ಹಚ್ಚುವುದು ಬೇಡವೇ ಬೇಡ, ಚರ್ಮ ಸುಡುತ್ತದೆ. ಕರ್ಪೂರ ಹಾಕಿದ ಎಣ್ಣೆಯೂ ನೆಕ್ಕಿದರೆ ವಿಷ.

ನಮ್ಮ ಕಡೆಯವರಿಗೆ ಉಣುಗು ಅಂದರೆ ಮಂಗನ ಕಾಯಿಲೆಯ ಭಯ ಇದ್ದೇ ಇದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಮೊದಲು ಪತ್ತೆಯಾದ ಕಾಯಿಲೆ ಅದು. ನಾಯಿಯಿಂದ ಮನುಷ್ಯರಿಗೆ ನೇರ ಅಂಟೋದಿಲ್ಲ, ಹರಡೋದು ಕಾಡಿನ ಉಣುಗು, ಮುಖ್ಯವಾಗಿ ಮರಿ ಉಣುಗು. ಆದರೆ ಬೆಟ್ಟ ಸುತ್ತಿ ಬಂದ ನಾಯಿಯ ಕೂದಲಲ್ಲಿ ಇನ್ನೂ ಕಚ್ಚದ ಉಣುಗು ಮನೆಗೆ ಬರಬಹುದು. ಅದಕ್ಕೆ ಮಾತ್ರೆಯಿಂದ ತಡೆ ಇಲ್ಲ. ಡಿಸೆಂಬರ್‌ನಿಂದ ಮೇವರೆಗೆ ಕೆಂಚನನ್ನು ಬೆಟ್ಟಕ್ಕೆ ಬಿಡುವುದಿಲ್ಲ, ಮನೆ ಒಳಗೂ ಸೇರಿಸುವುದಿಲ್ಲ. ಉಣುಗು ಹತ್ತದಿರಲಿ ಅಂತ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆ ನಮಗೆ ಹಚ್ಚಿಕೊಳ್ಳೋದಕ್ಕೆ, ನಾಯಿಗೆ ಸವರಬೇಡಿ.

ದನಕ್ಕೆ ಹೊಡೆಯುವ ಮದ್ದನ್ನೇ ನಾಯಿಗೂ ಹಾಕಿದರೆ ಆಯ್ತಲ್ಲ ಅಂತ ಕೇಳುವವರು ಬಹಳ. ಬೇಡ. ದನಕ್ಕೆ ಬಳಸುವ ಅಮಿಟ್ರಾಜ್ ಡೋಸ್ ಜಾಸ್ತಿಯಾದರೆ ನಾಯಿ ಮಂಕಾಗಿ ಬಿದ್ದುಕೊಳ್ಳುತ್ತದೆ, ಎದೆಬಡಿತ ನಿಧಾನ ಆಗುತ್ತದೆ. ಐವರ್‌ಮೆಕ್ಟಿನ್ ಇಂಜೆಕ್ಷನ್ ಕೋಲಿಯಂಥ ತಳಿಗಳ ಜೀವವನ್ನೇ ತೆಗೆಯಬಹುದು. ಡಾಕ್ಟ್ರು ನಾಯಿ ನೋಡಿ ಬರೆದುಕೊಟ್ಟರೆ ಮಾತ್ರ.

ಮಾತ್ರೆಗೂ ಒಂದು ಎಚ್ಚರಿಕೆ ಇದೆ. 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಬ್ರಾವೆಕ್ಟೊ, ನೆಕ್ಸ್‌ಗಾರ್ಡ್, ಸಿಂಪಾರಿಕಾ ಸೇರಿದ ಈ ಐಸಾಕ್ಸಜೋಲಿನ್ ಗುಂಪಿನ ಮಾತ್ರೆಗಳ ಬಗ್ಗೆ ಹೇಳಿತು: ಕೆಲವು ನಾಯಿಗಳಿಗೆ ನಡುಕ, ತೂರಾಟ, ಫಿಟ್ಸ್ ಬರಬಹುದು. ಹೆಚ್ಚಿನ ನಾಯಿಗಳಿಗೆ ಸುರಕ್ಷಿತ ಅಂತಲೂ ಅದೇ ಹೇಳಿದೆ. ಕೆಂಚನಿಗೆ ಇದುವರೆಗೆ ಏನೂ ಆಗಿಲ್ಲ. ಆದರೆ ಹಿಂದೆ ಫಿಟ್ಸ್ ಬಂದಿದ್ದ ನಾಯಿಗೆ ಡಾಕ್ಟ್ರನ್ನು ಕೇಳದೆ ಕೊಡಬೇಡಿ. ಮೊದಲ ಸಲ ಕೊಡುವವರು ತಿಂಗಳ ಮಾತ್ರೆಯಿಂದ ಶುರು ಮಾಡಿದರೆ ಒಳ್ಳೆಯದು ಅಂತ ನನ್ನ ಅನಿಸಿಕೆ. ಮದ್ದು ನಾಯಿಗೆ ಒಗ್ಗದಿದ್ದರೆ ಅದರ ಪರಿಣಾಮ ಅಷ್ಟು ದಿನ ಉಳಿಯುವುದಿಲ್ಲ.

ಬೆಲೆ ಜಾಸ್ತಿ, ನಿಜ. ಎರಡು ಮೂರು ನಾಯಿ ಇರುವವರಿಗೆ ಭಾರವೇ. ಬೆಂಗಳೂರಿನ ಫ್ಲ್ಯಾಟಿನಲ್ಲಿ, ದಿನಕ್ಕೆರಡು ಸಲ ರಸ್ತೆಗೆ ಮಾತ್ರ ಹೋಗುವ, ಬೆಕ್ಕಿಲ್ಲದ ಮನೆಯ ನಾಯಿಗೆ ಒಳ್ಳೆ ಬೆಲ್ಟೋ ಹನಿಯೋ ಸಾಕಾಗಬಹುದು. ನಮ್ಮಲ್ಲಂತೂ ಲೆಕ್ಕ ಹೀಗಿದೆ: ಮೇ ಕೊನೆಗೆ ಒಂದು, ಆಗಸ್ಟ್ ನಡುವೆ ಒಂದು, ಮಳೆ ಬಿಟ್ಟು ಉಣುಗು ಏಳುವ ನವೆಂಬರ್‌ಗೆ ಒಂದು, ಫೆಬ್ರವರಿ ಶುರುವಿಗೆ ಇನ್ನೊಂದು. ಕ್ಯಾಲೆಂಡರ್ ಮೇಲೆ ಮೊದಲೇ ಗುರುತು ಹಾಕಿಡುತ್ತೇವೆ. ಇಷ್ಟಾದರೂ ನಾಯಿ ಊಟ ಬಿಟ್ಟರೆ, ವಸಡು ಬಿಳಿಚಿಕೊಂಡರೆ, ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ ಮಾತ್ರೆ ಕೊಟ್ಟಿದ್ದೇವೆ ಅಂತ ಕಾಯಬೇಡಿ, ಅವತ್ತೇ ರಕ್ತ ಪರೀಕ್ಷೆ ಮಾಡಿಸಿ.