ಆರು ವರ್ಷ, ಒಂದೇ ಲೆನ್ಸ್: ಡೊಂಬಿವಲಿಯಲ್ಲಿ ರಿಕೋ ಜಿಆರ್ 3

ಈ ರಿಕೋ ಜಿಆರ್ 3 ಕ್ಯಾಮೆರಾದಲ್ಲಿ ಜೂಮ್ ಇಲ್ಲ. ಫ್ಲ್ಯಾಶ್ ಇಲ್ಲ. ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇಲ್ಲ. ಲೆನ್ಸ್ ಬದಲಿಸಲು ಆಗುವುದಿಲ್ಲ. 2020ರ ಜನವರಿಯಲ್ಲಿ ಮುಂಬೈ ಫೋರ್ಟ್‌ನ ಬೋರಾ ಬಜಾರಿನಲ್ಲಿ ಇದನ್ನು ಸೆಕೆಂಡ್ ಹ್ಯಾಂಡ್ ಕೊಂಡಾಗ ಅಂಗಡಿಯವರೇ ಎರಡು ಸಲ ಕೇಳಿದರು. ಮನೆಯವರ ಫೋಟೋ, ಊರಿನ ಪ್ರವಾಸ ಅಂತೀರಿ, ಇದೇ ಬೇಕಾ ಮೇಡಂ ಅಂತ. ಬೇಕು ಅಂದೆ. ಅದಕ್ಕೆ ಕೊಟ್ಟ ದುಡ್ಡು ನನ್ನ ಆಗಿನ ಒಂದು ತಿಂಗಳ ಸಂಬಳಕ್ಕಿಂತ ಜಾಸ್ತಿ. ಆರು ವರ್ಷ ದಿನವೂ ಬಳಸಿದ ಮೇಲೆ ಬರೆಯುತ್ತಿದ್ದೇನೆ.

ನನ್ನ ಮನೆ ಮುಂಬೈ ಹೊರವಲಯದ ಡೊಂಬಿವಲಿ ಪೂರ್ವದಲ್ಲಿ, ಆಫೀಸು ಫೋರ್ಟ್‌ನಲ್ಲಿ, ತವರು ಕುಂದಾಪುರ. ಇದಕ್ಕೂ ಮೊದಲು ನನ್ನ ಹತ್ತಿರ ಲೆನ್ಸ್ ಬದಲಿಸಬಹುದಾದ ದೊಡ್ಡ ಡಿಎಸ್‌ಎಲ್‌ಆರ್ ಇತ್ತು. ಒಳ್ಳೆಯ ಕ್ಯಾಮೆರಾ. ಆದರೆ ಅದು ವರ್ಷದಲ್ಲಿ ಮುನ್ನೂರು ದಿನ ಕಪಾಟಿನಲ್ಲೇ ಇರುತ್ತಿತ್ತು. ಮದುವೆ, ಗೃಹಪ್ರವೇಶ, ಪ್ರವಾಸಕ್ಕೆ ಮಾತ್ರ ಹೊರಗೆ ಬರುತ್ತಿತ್ತು. ಅದನ್ನು ಕಂಡ ಕೂಡಲೇ ಎಲ್ಲರೂ ಸೆರಗು ಸರಿಮಾಡಿಕೊಂಡು ಸಾಲಾಗಿ ನಿಲ್ಲುತ್ತಿದ್ದರು. ಹತ್ತು ವರ್ಷದ ಆಲ್ಬಮ್ ತೆಗೆದರೆ ಎಲ್ಲರೂ ರೇಷ್ಮೆ ಸೀರೆಯಲ್ಲೇ ಇದ್ದಾರೆ. ಅಮ್ಮ ಹಳೆಯ ಕಾಟನ್ ಸೀರೆಯುಟ್ಟು ಮಜ್ಜಿಗೆ ಕಡೆಯುವ ಒಂದು ಚಿತ್ರವೂ ಇರಲಿಲ್ಲ. ಆ ಕೊರತೆಗೇ ಈ ಕ್ಯಾಮೆರಾ ತೆಗೆದುಕೊಂಡದ್ದು.

ರಿಕೋ ಜಿಆರ್ 3 ಮಾರುಕಟ್ಟೆಗೆ ಬಂದದ್ದು 2019ರ ಮಾರ್ಚಿನಲ್ಲಿ. ಬ್ಯಾಟರಿ, ಕಾರ್ಡು ಸೇರಿ ತೂಕ 257 ಗ್ರಾಂ. ಕುರ್ತಾದ ಜೇಬಿನಲ್ಲಿ ಕೂರುತ್ತದೆ. ಒಳಗಿರುವುದು ಮಾತ್ರ ಎಷ್ಟೋ ಡಿಎಸ್‌ಎಲ್‌ಆರ್‌ಗಳಲ್ಲಿ ಇರುವಷ್ಟೇ ದೊಡ್ಡ ಎಪಿಎಸ್-ಸಿ ಸೆನ್ಸರ್ (ಬೆಳಕನ್ನು ಚಿತ್ರವಾಗಿ ಹಿಡಿಯುವ ಭಾಗ), 24 ಮೆಗಾಪಿಕ್ಸೆಲ್. ಲೆನ್ಸ್ 18.3 ಮಿಮೀ, ಬೆಳಕು ಬರುವ ಕಿಂಡಿ ಎಫ್/2.8 (ಈ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು, ಸ್ಪಷ್ಟವಾಗಿ ಬರುವ ದೂರ ಜಾಸ್ತಿ). ಹಳೆಯ 35 ಮಿಮೀ ಫಿಲ್ಮ್ ಲೆಕ್ಕದಲ್ಲಿ 28 ಮಿಮೀ ಆಗುತ್ತದೆ. ಅಂದರೆ ಸಾಕಷ್ಟು ಅಗಲವಾಗಿ ನೋಡುತ್ತದೆ. ಶಟರ್ ಲೆನ್ಸಿನೊಳಗೇ ಇರುವುದರಿಂದ ಸದ್ದು ಇಲ್ಲವೆನ್ನುವಷ್ಟು ಕಡಿಮೆ. ಮಲಗಿದ ಮಗು ಏಳುವುದಿಲ್ಲ.

ಕೊಂಡ ಎರಡೇ ತಿಂಗಳಿಗೆ ಲಾಕ್‌ಡೌನ್ ಬಂತು. ಒಂದು ತಿಂಗಳು ಇದ್ದು ಹೋಗುತ್ತೇನೆ ಅಂತ ಫೆಬ್ರವರಿಯಲ್ಲಿ ಬಂದಿದ್ದ ಅಮ್ಮ ಊರಿಗೆ ಮರಳಿದ್ದು ನವೆಂಬರಿನಲ್ಲಿ. ಒಂದು ಬೆಡ್‌ರೂಮಿನ ಮನೆ, ನಾವು ನಾಲ್ಕು ಜನ. ಈ ಕ್ಯಾಮೆರಾ ನಿಜವಾಗಿ ಏನು ಮಾಡಬಲ್ಲದು ಅಂತ ನನಗೆ ಗೊತ್ತಾದದ್ದು ಆಗಲೇ.

ನಮ್ಮ ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲ. ಬಾಗಿಲ ಹತ್ತಿರ ನಿಂತರೂ ಅಮ್ಮ ನನ್ನಿಂದ ಒಂದೂವರೆ ಮೀಟರ್ ದೂರ. 28 ಮಿಮೀಯಲ್ಲಿ ಅವಳು, ತುರಿಮಣೆ, ಹಿಂದಿನ ಡಬ್ಬಿಗಳ ಸಾಲು, ಕಿಟಕಿಯಲ್ಲಿ ಒಣಗಲು ಹಾಕಿದ ಬಟ್ಟೆ, ಎಲ್ಲವೂ ಒಂದೇ ಚಿತ್ರದಲ್ಲಿ ಬರುತ್ತಿತ್ತು. "ಎಂತ ಹೆಣೆ, ಕಾಯಿ ತುರಿಯೂದಕ್ಕೂ ಫೋಟೋವಾ?" ಅಂತ ಮೊದಲ ವಾರ ಅಮ್ಮ ಬೈದಳು. ಎರಡನೇ ವಾರದ ಹೊತ್ತಿಗೆ ಅವಳಿಗೆ ಅದು ಕೈಯಲ್ಲಿರುವ ಸೌಟಿನ ಹಾಗೆ ಮನೆಯದೇ ಒಂದು ವಸ್ತು ಆಯಿತು. ಅಲ್ಲಿಂದ ಮುಂದಿನ ಚಿತ್ರಗಳಲ್ಲಿ ಅಮ್ಮ ನಿಜವಾಗಿ ಅಮ್ಮನ ಹಾಗೇ ಇದ್ದಾಳೆ.

ಟ್ಯೂಬ್‌ಲೈಟಿನ ಬೆಳಕು ಕಡಿಮೆ. ಶಟರ್ ಒಂದು ಸೆಕೆಂಡಿನ ಮೂವತ್ತನೇ ಒಂದು ಭಾಗಕ್ಕೆ ಇಳಿಯುತ್ತಿತ್ತು. ಕೈ ನಡುಗಿದರೆ ಸರಿಮಾಡುವ ವ್ಯವಸ್ಥೆ ಸೆನ್ಸರಿನಲ್ಲೇ ಇದೆ, ಹಾಗಾಗಿ ಗೋಡೆ, ಡಬ್ಬಿ, ಮುಖ ಎಲ್ಲ ಸ್ಪಷ್ಟ. ಆದರೆ ಅದು ನನ್ನ ಕೈಯ ನಡುಕವನ್ನು ಮಾತ್ರ ತಡೆಯುತ್ತದೆ, ಎದುರಿನವರ ಚಲನೆಯನ್ನಲ್ಲ. ಅಮ್ಮನ ಮುಖ ನಿಂತಿದೆ, ಕಾಯಿ ಹಿಡಿದ ಕೈ ಮಾತ್ರ ಮಸುಕಾಗಿ ತಿರುಗುತ್ತಿದೆ. ಮೊದಲು ಇಂಥವನ್ನು ಅಳಿಸುತ್ತಿದ್ದೆ. ಈಗ ನನಗೆ ಅವೇ ಜಾಸ್ತಿ ಇಷ್ಟ. ಮಕ್ಕಳು ಓಡಾಡುವಾಗ ಮಾತ್ರ ಐಎಸ್‌ಒ, ಅಂದರೆ ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆಯನ್ನು, 3200ಕ್ಕೆ ಏರಿಸಿ ಶಟರ್ ವೇಗ ಹೆಚ್ಚಿಸಿಕೊಳ್ಳುತ್ತೇನೆ. ಸ್ವಲ್ಪ ಕಾಳು ಕಾಳಾಗಿ ಕಾಣುತ್ತದೆ, ಪ್ರಿಂಟಿನಲ್ಲಿ ಅದು ತೊಂದರೆಯಲ್ಲ.

ಇನ್ನು ಈ ಕ್ಯಾಮೆರಾದ ಜೀವಾಳಕ್ಕೆ ಬರುತ್ತೇನೆ. ಅದರ ಹೆಸರು ಸ್ನ್ಯಾಪ್ ಫೋಕಸ್. ಸಾಮಾನ್ಯವಾಗಿ ಕ್ಯಾಮೆರಾ ಬಟನ್ ಒತ್ತಿದ ಮೇಲೆ ಫೋಕಸ್ ಹುಡುಕುತ್ತದೆ, ಆಮೇಲೆ ಚಿತ್ರ ತೆಗೆಯುತ್ತದೆ. ಆ ಅರೆಕ್ಷಣದಲ್ಲಿ ನಗು ಹೋಗಿರುತ್ತದೆ. ಇದರಲ್ಲಿ ದೂರವನ್ನು ಮೊದಲೇ ಇಟ್ಟುಬಿಡಬಹುದು: ಒಂದು ಮೀಟರ್, ಒಂದೂವರೆ, ಎರಡು, ಎರಡೂವರೆ, ಹೀಗೆ. ಬಟನ್ನನ್ನು ಅರ್ಧ ಒತ್ತಿದರೆ ಎಂದಿನ ಹಾಗೆ ಆಟೋಫೋಕಸ್. ಒಮ್ಮೆಲೇ ಪೂರ್ತಿ ಒತ್ತಿದರೆ ಹುಡುಕಾಟವೇ ಇಲ್ಲ, ಇಟ್ಟ ದೂರಕ್ಕೆ ತಕ್ಷಣ ಚಿತ್ರ.

ಲೆಕ್ಕ ಸುಲಭ. ಬೀದಿಯಲ್ಲಿ ಹಗಲು ಹೊತ್ತು ಎಫ್/8, ದೂರ 2.5 ಮೀಟರ್ ಇಟ್ಟುಕೊಳ್ಳಿ. ಹೆಚ್ಚು ಕಡಿಮೆ 1.2 ಮೀಟರಿನಿಂದ ಆಚೆ ಕಣ್ಣು ಹೋಗುವಷ್ಟು ದೂರದವರೆಗೆ ಎಲ್ಲವೂ ಸ್ಪಷ್ಟವಾಗಿರುತ್ತದೆ. ಮನೆಯೊಳಗೆ ಎಫ್/5.6, ಒಂದೂವರೆ ಮೀಟರ್ ಇಟ್ಟರೆ ಸುಮಾರು ಒಂದು ಮೀಟರಿನಿಂದ ಮೂರು ಮೀಟರಿನ ಹತ್ತಿರದವರೆಗೆ ಸಿಗುತ್ತದೆ. ನಮ್ಮ ಹಾಲ್ ಅಷ್ಟೇ ಇರುವುದು! ಒಂದೂವರೆ ಮೀಟರ್ ಅಂದರೆ ಊಟದ ಮೇಜಿನ ಆಚೆ ಬದಿ ಅಂತ ನಾನು ಅಭ್ಯಾಸ ಮಾಡಿಕೊಂಡೆ. ಆರು ತಿಂಗಳು ಬೇಕಾಯಿತು. ಈಗ ಪರದೆ ನೋಡದೆಯೂ ತೆಗೆಯಬಲ್ಲೆ.

2020ರ ಅಕ್ಟೋಬರ್ 21ರಿಂದ ಹೆಂಗಸರಿಗೆ ಲೋಕಲ್ ರೈಲಿನಲ್ಲಿ ಓಡಾಡಲು ಬಿಟ್ಟರು. ಏಳು ತಿಂಗಳ ಮೇಲೆ ಲೇಡೀಸ್ ಡಬ್ಬಿಯಲ್ಲಿ ಕೂತ ಆ ದಿನ ಕಣ್ಣಲ್ಲಿ ನೀರು ಬಂತು. ನಮ್ಮದೊಂದು ಹಳೆಯ ಗುಂಪು. ಒಬ್ಬರು ಮೆಂತ್ಯ ಸೊಪ್ಪು ಬಿಡಿಸುತ್ತಾರೆ, ಒಬ್ಬರು ಬಟಾಣಿ ಸುಲಿಯುತ್ತಾರೆ, ಒಬ್ಬರು ಠಾಣೆ ಬರುವವರೆಗೆ ನಿದ್ದೆ. ದಸರಾ ಬಂತೆಂದರೆ ಡಬ್ಬಿಗೆ ಚೆಂಡುಹೂವಿನ ಮಾಲೆ ಕಟ್ಟಿ ಪೂಜೆ ಮಾಡುತ್ತೇವೆ. ಅಲ್ಲಿ ಒಂದು ಕೈಯಲ್ಲಿ ಮೇಲಿನ ಹಿಡಿಕೆ, ಇನ್ನೊಂದು ಕೈಯಲ್ಲಿ ಕ್ಯಾಮೆರಾ. ಈ ಕ್ಯಾಮೆರಾವನ್ನು ಒಂದೇ ಕೈಯಲ್ಲಿ ನಡೆಸಬಹುದು ಎಂಬುದು ನನಗೆ ಎಷ್ಟು ಉಪಕಾರ ಮಾಡಿದೆ ಅಂತ ಲೋಕಲ್‌ನಲ್ಲಿ ನಿಂತು ಹೋಗುವವರಿಗೆ ಹೇಳಬೇಕಾಗಿಲ್ಲ.

ಆದರೆ ಮೊದಲ ಚಿತ್ರ ತೆಗೆಯುವ ಮುಂಚೆ ಎಲ್ಲರನ್ನೂ ಕೇಳಿದ್ದೆ. ಬೇಡ ಅಂದ ಇಬ್ಬರನ್ನು ಇಂದಿಗೂ ತೆಗೆಯುವುದಿಲ್ಲ. ತೆಗೆದದ್ದನ್ನು ಪ್ರಿಂಟ್ ಹಾಕಿಸಿ ಅವರವರಿಗೆ ಕೊಡುತ್ತೇನೆ. ಎಲ್ಲಿಯೂ ಹಾಕುವುದಿಲ್ಲ. ಕ್ಯಾಮೆರಾ ಚಿಕ್ಕದು, ಸದ್ದಿಲ್ಲ ಅಂತ ಕದ್ದು ತೆಗೆಯುವುದಕ್ಕೆ ಇದನ್ನು ಬಳಸಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ನನ್ನ ಮಗಳಿಗೆ ಹನ್ನೊಂದು ತುಂಬಿದ ಮೇಲೆ ಅವಳನ್ನೂ ಕೇಳಿಯೇ ತೆಗೆಯುತ್ತೇನೆ.

ಅವಳದೇ ಒಂದು ಚಿತ್ರ ನನಗೆ ಎಲ್ಲಕ್ಕಿಂತ ಪ್ರಿಯ. ಮುಂಬೈಗೆ ಡಬಲ್ ಡೆಕ್ಕರ್ ಬಸ್ ಬಂದದ್ದು 1937ರಲ್ಲಿ. ಹಳೆಯ ಡೀಸೆಲ್ ಡಬಲ್ ಡೆಕ್ಕರ್ ಕೊನೆಯದಾಗಿ ಪ್ರಯಾಣಿಕರನ್ನು ಹೊತ್ತು ಓಡಿದ್ದು 2023ರ ಸೆಪ್ಟೆಂಬರ್ 15ರಂದು. ಅದಕ್ಕೂ ಕೆಲವು ದಿನ ಮುಂಚೆ ಮಗಳನ್ನು ಅಂಧೇರಿಗೆ ಕರೆದುಕೊಂಡು ಹೋದೆ. ಮೇಲಿನ ಮಹಡಿಯ ಮುಂದಿನ ಸೀಟು ಸಿಕ್ಕಿತು. ಕೆಳಗೆ ಇಳಿದು ಬಸ್ಸಿನ ಫೋಟೋವನ್ನೂ ತೆಗೆದೆ, ಎಲ್ಲರ ಹಾಗೆ. ಈಗ ನೋಡುವುದು ಒಳಗಿನ ಚಿತ್ರವನ್ನು. ಗಾಜಿಲ್ಲದ ಕಿಟಕಿಯ ಕಂಬಿಗೆ ಗಲ್ಲ ಒತ್ತಿ ಕೂತಿದ್ದಾಳೆ, ಎದುರಿನ ಮರದ ಕೊಂಬೆ ಕೈಗೆ ಎಟಕುವಂತಿದೆ, ಕೂದಲು ಗಾಳಿಗೆ ಹಾರುತ್ತಿದೆ. ಒಂದು ಮೀಟರ್ ಕೂಡ ಹಿಂದೆ ಸರಿಯಲು ಆಗದ ಜಾಗ ಅದು. ಅದೇ ವರ್ಷ ಅಕ್ಟೋಬರ್ ಕೊನೆಗೆ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳೂ ರಸ್ತೆಯಿಂದ ಹೋದವು. ಹೊರಗಿನಿಂದ ಅವುಗಳ ಚಿತ್ರ ಸಾವಿರಾರು ಜನರ ಹತ್ತಿರ ಇದೆ. ಹಿಂದಿನ ಸೀಟಿನಲ್ಲಿ ನನ್ನ ಮಾವ ಮಡಿಲಲ್ಲಿ ತರಕಾರಿ ಚೀಲ ಇಟ್ಟುಕೊಂಡು ಕೂತ ಚಿತ್ರ ನನ್ನ ಹತ್ತಿರ ಮಾತ್ರ.

ಮೈಸೂರಿನ ಪತ್ರಿಕಾ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ಅವರ ಚಿತ್ರಗಳನ್ನು ನೋಡಿದವರಿಗೆ ನಾನು ಯಾವುದರ ಬಗ್ಗೆ ಹೇಳುತ್ತಿದ್ದೇನೆ ಅಂತ ಗೊತ್ತಾಗುತ್ತದೆ. ಸಾಮಾನ್ಯ ಜನ, ಮಕ್ಕಳು, ದಿನದ ಕೆಲಸ. ಅವರ ಹತ್ತಿರಕ್ಕೂ ನಾನು ಹೋಗಲಾರೆ, ಆದರೆ ಯಾವ ಕಡೆ ನೋಡಬೇಕು ಅಂತ ಕಲಿತದ್ದು ಅವರಿಂದ.

ಅಗಲದ ಲೆನ್ಸಿಗೆ ಒಂದು ಸ್ವಭಾವವಿದೆ, ತಿಳಿದಿರಲಿ. ಅಂಚಿನಲ್ಲಿ ನಿಂತವರು ಅಡ್ಡಕ್ಕೆ ಎಳೆದ ಹಾಗೆ ಕಾಣುತ್ತಾರೆ. ತೀರಾ ಹತ್ತಿರ ಹೋದರೆ ಮೂಗು ದೊಡ್ಡದಾಗುತ್ತದೆ. ನಮ್ಮ ಅತ್ತಿಗೆ ಒಂದು ಗ್ರೂಪ್ ಫೋಟೋ ನೋಡಿ ನಿಜವಾಗಿಯೂ ಬೇಜಾರು ಮಾಡಿಕೊಂಡರು. ಆಮೇಲೆ ಹಿರಿಯರನ್ನು ನಡುವೆ ಕೂರಿಸಿ, ಬದಿಯಲ್ಲಿ ಜಾಗ ಬಿಟ್ಟು ತೆಗೆಯುತ್ತೇನೆ. ಒಬ್ಬರ ಮುಖ ಮಾತ್ರ ಬೇಕಾದರೆ 50 ಮಿಮೀ ಕ್ರಾಪ್ ಇದೆ, ಅಂದರೆ ಕ್ಯಾಮೆರಾವೇ ಸುತ್ತಲಿನದನ್ನು ಕತ್ತರಿಸಿ ನಡುವಿನ ಭಾಗವನ್ನಷ್ಟೇ ಇಟ್ಟುಕೊಳ್ಳುತ್ತದೆ. ಆಗ 7 ಮೆಗಾಪಿಕ್ಸೆಲ್ ಮಾತ್ರ ಉಳಿಯುತ್ತದೆ. 4×6 ಇಂಚಿನ ಪ್ರಿಂಟಿಗೆ 2 ಮೆಗಾಪಿಕ್ಸೆಲ್‌ಗಿಂತ ಸ್ವಲ್ಪ ಜಾಸ್ತಿ ಇದ್ದರೂ ಸಾಕು, ಹಾಗಾಗಿ ಚಿಂತೆ ಇಲ್ಲ.

ಪ್ರಿಂಟಿನ ಮಾತು ಬಂದದ್ದರಿಂದ ಇನ್ನೊಂದು. ಇದರ ಚಿತ್ರದ ಅಳತೆ 3:2. 4×6 ಕಾಗದವೂ ಅದೇ ಅಳತೆ. ತಲೆ, ಕಾಲು ಕತ್ತರಿಸದೆ ಪೂರ್ತಿ ಚಿತ್ರ ಕೂರುತ್ತದೆ. ಫೋನಿನ 4:3 ಚಿತ್ರ ಕೊಟ್ಟರೆ ಎಲ್ಲೋ ಒಂದು ಕಡೆ ಕತ್ತರಿ ಬೀಳುತ್ತದೆ. ನಾನು ತಿಂಗಳಿಗೆ ಮೂವತ್ತು ಪ್ರಿಂಟ್ ಹಾಕಿಸುತ್ತೇನೆ. ಇದು ಹಟವಾಗಿ ಬಂದ ಅಭ್ಯಾಸ. 2021ರ ಕೊನೆಯ ಐದು ತಿಂಗಳ ಚಿತ್ರಗಳಿದ್ದ ಒಂದು ಹಾರ್ಡ್ ಡಿಸ್ಕ್ ಕೆಟ್ಟುಹೋಯಿತು. ರಿಪೇರಿಯವರು ಹತ್ತು ದಿನ ಇಟ್ಟುಕೊಂಡು ಆಗುವುದಿಲ್ಲ ಅಂದರು. ಮಾವ ಕೊನೆಯ ಸಲ ಗಣೇಶ ಚೌತಿ ಮಾಡಿದ ವರ್ಷ ಅದು. ಉಳಿದದ್ದು ಆಗ ಪ್ರಿಂಟ್ ಹಾಕಿಸಿದ್ದ ಹದಿನಾಲ್ಕು ಚಿತ್ರ. ಈಗ ಎರಡು ಡಿಸ್ಕ್ ಮನೆಯಲ್ಲಿ, ಒಂದು ಕುಂದಾಪುರದಲ್ಲಿ ತಮ್ಮನ ಮನೆಯಲ್ಲಿ. ಊರಿಗೆ ಹೋದಾಗಲೆಲ್ಲ ಅದಕ್ಕೆ ಹೊಸದನ್ನು ತುಂಬಿಸಿ ಬರುತ್ತೇನೆ.

ಊರಿಗೆ ಹೋಗುವುದು ಮತ್ಸ್ಯಗಂಧ ರೈಲಿನಲ್ಲಿ. ಬರುವಾಗ ಹೊನ್ನಾವರದ ಶರಾವತಿ ಸೇತುವೆ ಸಂಜೆ ಬಿಸಿಲಿಗೆ ಸಿಗುತ್ತದೆ. ಎರಡು ಕಿಲೋಮೀಟರ್‌ಗಿಂತ ಉದ್ದದ ಸೇತುವೆ, ಕೊಂಕಣ ರೈಲ್ವೆಯಲ್ಲೇ ಅತಿ ಉದ್ದದ್ದು. ಕಿಟಕಿ ಪಕ್ಕ ಕೂತು ಹೊಳೆ ತೆಗೆಯುವ ಬದಲು, ಹೊಳೆ ನೋಡುತ್ತಿರುವ ಮನೆಯವರನ್ನು ತೆಗೆಯಿರಿ. ನೀರಿನಿಂದ ಬಂದ ಬೆಳಕು ಮುಖದ ಮೇಲೆ ಎಷ್ಟು ಚೆನ್ನಾಗಿರುತ್ತದೆ ಅಂದರೆ ಬೇರೆ ಏನೂ ಬೇಡ. ನನ್ನ ಹತ್ತಿರ ಐದು ವರ್ಷದ ಐದು ಚಿತ್ರಗಳಿವೆ, ಅದೇ ಸೇತುವೆ, ಅದೇ ಮಗಳು. ಮೊದಲನೆಯದರಲ್ಲಿ ಅಪ್ಪನ ತೊಡೆಯ ಮೇಲೆ ನಿಂತಿದ್ದಾಳೆ.

ಇದರ ಕೊರತೆಗಳನ್ನೂ ಹೇಳಬೇಕು. ಒಂದು ಚಾರ್ಜಿಗೆ ಕಂಪನಿ ಹೇಳುವುದೇ ಸುಮಾರು 200 ಚಿತ್ರ. ಪ್ರವಾಸಕ್ಕೆ ಮೂರು ಬ್ಯಾಟರಿ ಬೇಕೇ ಬೇಕು. ಯುಎಸ್‌ಬಿ-ಸಿಯಲ್ಲಿ ಚಾರ್ಜ್ ಆಗುವುದರಿಂದ ಪವರ್ ಬ್ಯಾಂಕ್ ಇದ್ದರೆ ನಡೆಯುತ್ತದೆ. ಮಟಮಟ ಮಧ್ಯಾಹ್ನ ಮರವಂತೆ ಕಡಲ ತೀರದಲ್ಲಿ ಪರದೆ ಸರಿಯಾಗಿ ಕಾಣುವುದಿಲ್ಲ. ವಿಡಿಯೊ ಬೇಕಾದರೆ ಫೋನೇ ಒಳ್ಳೆಯದು. ವಾಟ್ಸಾಪಿನಲ್ಲಿ ತಕ್ಷಣ ಕಳಿಸುವುದಕ್ಕೂ ಅಷ್ಟೆ.

ಮಳೆಯ ವಿಷಯ ಮಾತ್ರ ಸ್ವಲ್ಪ ಗಂಭೀರ. ಇದಕ್ಕೆ ನೀರು, ಧೂಳು ತಡೆಯುವ ಸೀಲ್ ಇಲ್ಲ. ಮುಂಬೈಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಅಂದರೆ ಅದೇ ದೊಡ್ಡ ಪರೀಕ್ಷೆ. ಒಮ್ಮೆ ದಾದರ್ ಸೇತುವೆ ಮೇಲೆ ನೆನೆದು ಬಂದು, ಒದ್ದೆ ಬ್ಯಾಗಿನಿಂದ ಇದನ್ನು ತೆಗೆಯಲು ನಾನು ಮರೆತೆ. ಬೆಳಗ್ಗೆ ಲೆನ್ಸಿನ ಮೇಲೆ ಮಂಜು. ಬ್ಯಾಟರಿ ತೆಗೆದು, ಸಿಲಿಕಾ ಜೆಲ್ ಇದ್ದ ಡಬ್ಬಿಯಲ್ಲಿ ಮೂರು ದಿನ ಇಟ್ಟೆ. ಆನ್ ಮಾಡಿ ನೋಡುವ ಆಸೆಯನ್ನು ತಡೆದುಕೊಂಡೆ. ಸರಿಹೋಯಿತು. ಅಂದಿನಿಂದ ಮಳೆಗಾಲದಲ್ಲಿ ಜಿಪ್ ಚೀಲವಿಲ್ಲದೆ ಹೊರಗೆ ಒಯ್ಯುವುದಿಲ್ಲ. ರಾತ್ರಿ ಅದರ ಜಾಗ ಗಾಳಿಯಾಡದ ಡಬ್ಬಿಯಲ್ಲೇ. ನಮ್ಮ ಕಡಲ ತೀರದ ತೇವಕ್ಕೆ ಲೆನ್ಸಿನಲ್ಲಿ ಫಂಗಸ್ ಬರಲು ಜಾಸ್ತಿ ದಿನ ಬೇಡ. ಅಪ್ಪನ ಹಳೆಯ ಫಿಲ್ಮ್ ಕ್ಯಾಮೆರಾ ಹಾಗೇ ಹೋದದ್ದು.

2021ರಲ್ಲಿ ಇದರದೇ ಜಿಆರ್ 3ಎಕ್ಸ್ ಬಂತು, 40 ಮಿಮೀ ನೋಟದ್ದು, ಅಂದರೆ ಇದಕ್ಕಿಂತ ಕಡಿಮೆ ಅಗಲದ್ದು. 2025ರಲ್ಲಿ ಜಿಆರ್ 4 ಕೂಡ ಬಂತು. ಯಾವುದು ತೆಗೆದುಕೊಳ್ಳಲಿ ಅಂತ ಆಫೀಸಿನ ಗೆಳತಿ ಕೇಳುತ್ತಿದ್ದಾಳೆ. ಮುಖಗಳೇ ಮುಖ್ಯ, ಮನೆ ದೊಡ್ಡದಿದೆ ಅನ್ನುವವರಿಗೆ 40 ಚೆನ್ನಾಗಿ ಒಗ್ಗುತ್ತದೆ ಅಂತ ಅವಳಿಗೆ ಹೇಳಿದೆ. ನನ್ನ ಅಡುಗೆಮನೆ ಇನ್ನೂ ಅಷ್ಟೇ ಇದೆ. ಅಮ್ಮ ಮುಂದಿನ ತಿಂಗಳು ಬರುತ್ತಾಳೆ. ನನಗೆ 28 ಸಾಕು.